ಸೆರಗಿಗೆ ಅಂಟಿದ ಚೀಟಿ

ಮೊನ್ನೆ ಗುರುವಾರ ಸಂಜೆ ಮೈಸೂರಿನ ಅಗ್ರಹಾರದಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ತಾಯಿ ನಿಂತಿದ್ದರು. ಮದುವೆಮನೆಗೆ ಹೊರಟವರ ಹಾಗೆ ಮೈಸೂರು ಸಿಲ್ಕ್ ಸೀರೆ, ಮುಡಿಯಲ್ಲಿ ಮಲ್ಲಿಗೆ. ಕೈಯಲ್ಲಿ ಮಾತ್ರ ದಂಟಿನ ಸೊಪ್ಪಿನ ಕಟ್ಟು. ಭುಜದ ಹತ್ತಿರ ಸೆರಗಿಗೆ ಒಂದು ಬಿಳಿ ಚೀಟಿ ಅಂಟಿಕೊಂಡಿತ್ತು. ಅದರ ಮೇಲೆ ಅವರ ಹೆಸರು, ಅದರ ಕೆಳಗೆ ಇನ್ನೊಂದು ಹೆಸರು ಬರೆದು, ಮುಂದೆ "ಅವರ ತಾಯಿ" ಅಂತಿತ್ತು.

ಸೊಪ್ಪಿನವಳು, "ಅಮ್ಮಾ, ಸೀರೆಗೆ ಏನೋ ಅಂಟ್ಕೊಂಡಿದೆ ನೋಡಿ" ಅಂದಳು. ಅವರು ಅದನ್ನು ಕೀಳಲಿಲ್ಲ. ಅಂಗೈಯಿಂದ ಮೆಲ್ಲಗೆ ಒತ್ತಿ ಇನ್ನಷ್ಟು ಭದ್ರ ಮಾಡಿದರು. "ಗೊತ್ತು ಕಣಮ್ಮ, ಇರ್ಲಿ ಬಿಡು. ಮಗನ ಆಫೀಸಿಗೆ ಹೋಗಿದ್ದೆ" ಅಂದರು.

ಹೆಬ್ಬಾಳದ ಕಡೆಯ ಒಂದು ಕಂಪನಿಯಂತೆ. ಕೆಲಸ ಮಾಡುವವರ ಅಪ್ಪ ಅಮ್ಮಂದಿರನ್ನು ಅವತ್ತು ಕರೆದಿದ್ದರಂತೆ. ಏನೇನು ನೋಡಿದಿರಿ ಅಂತ ಕೇಳಿದೆ. ಕಂಪನಿ ಏನು ಮಾಡುತ್ತದೆ ಅನ್ನುವುದನ್ನು ದೊಡ್ಡ ಪರದೆಯ ಮೇಲೆ ತೋರಿಸಿದ್ದರಂತೆ, ಅದರ ವಿಷಯ ಒಂದೇ ಮಾತಿಗೆ ಮುಗಿಯಿತು. "ಅವನ ಕುರ್ಚಿ ಕಿಟಕಿ ಪಕ್ಕದಲ್ಲೇ ಇದೆ. ಹೊರಗಡೆ ಹೊಂಗೆ ಮರ ಕಾಣುತ್ತೆ. ಕುಡಿಯೋ ನೀರು ನಾಲ್ಕು ಹೆಜ್ಜೆಗೇ ಸಿಗುತ್ತೆ. ಪಕ್ಕದಲ್ಲಿ ಕೂರೋ ಹುಡುಗ ಒಳ್ಳೆಯವನು, ನಾನು ಕಳಿಸೋ ಚಟ್ನಿಪುಡಿ ಅವನೂ ತಿಂತಾನಂತೆ." ಸ್ವಲ್ಪ ತಡೆದು, "ಏಸಿ ಗಾಳಿ ಸೀದಾ ತಲೆ ಮೇಲೇ ಬೀಳುತ್ತೆ. ಅದಕ್ಕೇ ಅವನಿಗೆ ನೆಗಡಿ ಬಿಡೋದೇ ಇಲ್ಲ" ಅಂದರು.

ಮಗ ಆರು ವರ್ಷದಿಂದ ಅಲ್ಲೇ ಇದ್ದಾನೆ. ಆರು ವರ್ಷದಿಂದ ಮಧ್ಯಾಹ್ನ ಒಂದೂವರೆಗೆ ಅವರು ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳಿದ್ದಾರೆ. ಎಲ್ಲಿ ಕೂತು ಉಣ್ಣುತ್ತಾನೆ ಅನ್ನುವುದು ಮಾತ್ರ ಈ ಗುರುವಾರದವರೆಗೆ ಕಣ್ಣಿಗೆ ಬಿದ್ದಿರಲಿಲ್ಲ. ಶುಕ್ರವಾರದ "ಊಟ ಆಯ್ತಾ" ಬೇರೆಯೇ ಆಗಿದ್ದಿರಬೇಕು ಅಂತ ನನಗೆ ಅನ್ನಿಸುತ್ತಲೇ ಇದೆ. ಮಾತು ಅದೇ. ಆದರೆ ಈಗ ಆ ಮಾತು ಹೋಗಿ ಕೂರುವುದಕ್ಕೆ ಒಂದು ಮೇಜಿದೆ, ಕಿಟಕಿಯಿದೆ, ಹೊಂಗೆ ಮರವಿದೆ.

ಇಂಥದ್ದೊಂದು ದಿನವನ್ನು 2013ರಲ್ಲಿ ಲಿಂಕ್ಡ್‌ಇನ್ ಸಂಸ್ಥೆ ಶುರುಮಾಡಿತು. ಮಕ್ಕಳು ಮಾಡುವ ಕೆಲಸ ಏನೆಂದು ಎಷ್ಟೋ ತಂದೆತಾಯಂದಿರಿಗೆ ಗೊತ್ತೇ ಇಲ್ಲ ಅನ್ನುವುದು ಅದಕ್ಕೆ ಕಾರಣ. ನಮ್ಮೂರಿನಲ್ಲಿ, 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಮುಕ್ತ ದಿನವೆಂದು ಜನಕ್ಕೆ ಬಾಗಿಲು ತೆರೆಯುವುದುಂಟು. ಅಲ್ಲಿ ಒಮ್ಮೆ ಒಬ್ಬಳು ಹುಡುಗಿ ಯಂತ್ರದ ಪಕ್ಕ ನಿಂತು ಬಂದವರಿಗೆ ವಿವರಿಸುತ್ತಿದ್ದಳು. ಗುಂಪಿನ ಅಂಚಿನಲ್ಲಿ ಪಂಚೆಯುಟ್ಟ ಒಬ್ಬ ಹಿರಿಯರು ಯಂತ್ರದ ಕಡೆ ತಿರುಗಿಯೂ ನೋಡದೆ, ಕೇಳುತ್ತಿದ್ದವರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು. ಅವರು ಅವಳ ತಂದೆ ಅಂತ ಯಾರೂ ನನಗೆ ಹೇಳಬೇಕಾಗಲಿಲ್ಲ.

ನಾವು ಚಿಕ್ಕವರಿದ್ದಾಗ ಕೆಲಸ ತಾನಾಗಿಯೇ ಮನೆಗೆ ಬರುತ್ತಿತ್ತು. ಇಲ್ಲಿಯ ಗಂಧದೆಣ್ಣೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ಬೀದಿಗೆ ಬಂದರೆ ಕಣ್ಣು ಮುಚ್ಚಿ ಕೂತವರಿಗೂ ತಿಳಿಯುತ್ತಿತ್ತು. ನಮ್ಮ ತಂದೆ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿದ್ದರು. ಅದು 1996ರಲ್ಲಿ ಮುಚ್ಚಿತು. ಅವರ ಉಗುರಿನ ಸಂದಿಯ ಗ್ರೀಸು, ಕೈ ತೊಳೆದ ಸೀಮೆಎಣ್ಣೆಯ ವಾಸನೆ ನಮಗೆ ಅವರ ಕೆಲಸದ ಅರ್ಧ ಪಾಠ ಹೇಳುತ್ತಿದ್ದವು. ಬೀದಿಯಲ್ಲಿ ಆ ಕಾರ್ಖಾನೆಯ ಒಂದು ಯೆಜ್ಡಿ ಹೋದರೆ ಊಟದ ನಡುವೆಯೂ ಅವರ ಕೈ ನಿಲ್ಲುತ್ತಿತ್ತು. ತಲೆ ಎಡಕ್ಕೆ ವಾಲುತ್ತಿತ್ತು. ಗಾಡಿ ಬೀದಿ ತಿರುಗುವವರೆಗೂ ಕೇಳಿಸಿಕೊಂಡು, ಆಮೇಲೆ ತುತ್ತು ಎತ್ತುತ್ತಿದ್ದರು.

ಈಗಿನ ಎಷ್ಟೋ ಮಕ್ಕಳ ಕೆಲಸಕ್ಕೆ ಅಂಥ ವಾಸನೆಯಿಲ್ಲ, ಸದ್ದಿಲ್ಲ. ಮನೆಯಿಂದಲೇ ಕೆಲಸ ಮಾಡುವ ದಿನವೂ ಅದು ಕೋಣೆಯ ಬಾಗಿಲ ಹಿಂದೆ ಇರುತ್ತದೆ. "ಮೀಟಿಂಗ್‌ನಲ್ಲಿದ್ದೀನಮ್ಮ" ಅಂದರೆ ಅಮ್ಮ ಮಿಕ್ಸಿ ನಿಲ್ಲಿಸಿ, ತೆಂಗಿನಕಾಯಿಯನ್ನು ಒರಳಿಗೆ ಹಾಕುತ್ತಾಳೆ. ತನ್ನ ಮನೆಯೊಳಗೇ ನಡೆಯುತ್ತಿರುವುದಕ್ಕೆ ಅವಳಿಗೆ ಪ್ರವೇಶವಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೂ ಆ ಬಾಗಿಲು ಒಂದು ದಿನವಾದರೂ ತೆರೆಯಲಿ ಅಂತ ನನಗೆ ಆಸೆ.

ಎಲ್ಲ ಕಡೆಯೂ ತೆರೆಯುವಂತಿಲ್ಲ, ನಿಜ. ಮೇಟಗಳ್ಳಿಯಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ಆ ಕಾವಲಿನ ಗೋಡೆ ದಾಟಿ ಯಾರ ತಾಯಿಯೂ ಸುಮ್ಮನೆ ಹೋಗಿ ಮಗಳು ಕೂರುವ ಜಾಗ ನೋಡಿ ಬರಲಾರಳು. ಆದರೆ ಸಾಸಿವೆ ಡಬ್ಬಿಯಿಂದ ಮಡಿಸಿಟ್ಟ ನೋಟು ತೆಗೆದಾಗ, ಇದು ನನ್ನ ಮಗಳ ಕಣ್ಣೆದುರು ಹಾದು ಬಂದದ್ದೇನೋ ಅಂತ ಒಂದು ಸಲ ತಿರುಗಿಸಿ ನೋಡಬಹುದು.

ನಾನು ಕೆಲಸ ಮಾಡಿದ ಮೈಸೂರು ಆಕಾಶವಾಣಿ 1935ರಲ್ಲಿ ಶುರುವಾದದ್ದೇ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ, ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರ ವಿಠ್ಠಲ ವಿಹಾರದಲ್ಲಿ. ಅಲ್ಲಿ ಕೆಲಸದ ಜಾಗ ತೋರಿಸಲು ಮನೆಯವರನ್ನು ಬೇರೆಯಾಗಿ ಕರೆಯಬೇಕಿರಲಿಲ್ಲ. ನಾನು ಆಕಾಶವಾಣಿಯ ಯಾದವಗಿರಿ ಕಟ್ಟಡದಲ್ಲಿ ಕೆಲವು ವರ್ಷ ಸಾಂದರ್ಭಿಕ ಉದ್ಘೋಷಕನಾಗಿದ್ದೆ. ಅಮ್ಮ ಮನೆಯಲ್ಲಿ ಅಕ್ಕಿ ಆರಿಸುತ್ತಾ ದಿನಾ ಕೇಳುತ್ತಿದ್ದಳು. ಒಂದು ದಿನ, "ನೀನು ಕೂರೋ ಜಾಗ ನೋಡ್ಬೇಕು ಕಣೋ" ಅಂದಳು. ಅನುಮತಿ ಕೇಳಿ ಕರೆದುಕೊಂಡು ಹೋದೆ.

ಅವಳು ಗಾಜಿನ ಆಚೆ ನಿಂತಳು, ಚಪ್ಪಲಿ ಹೊರಗೇ ಬಿಟ್ಟು. ಮನೆಯಲ್ಲಿ ಅವಳಿಗೆ ನನ್ನ ದನಿ ಇತ್ತು, ಮುಖ ಇರಲಿಲ್ಲ. ಇಲ್ಲಿ ಮುಖ ಇತ್ತು, ತುಟಿ ಅಲ್ಲಾಡುತ್ತಿತ್ತು, ಗಾಜು ದನಿಯನ್ನು ಬಿಡುತ್ತಿರಲಿಲ್ಲ. ಕೆಂಪು ದೀಪ ಆರುವವರೆಗೂ ಅವಳು ಸೆರಗು ಹೊದ್ದು ಹಾಗೇ ನಿಂತಿದ್ದಳು.

ವಾಪಸು ಹೋಗುವಾಗ ಆಟೋದಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಒಂಟಿಕೊಪ್ಪಲು ದಾಟಿದ ಮೇಲೆ, "ಓದುವಾಗ ತಲೆ ಎಡಕ್ಕೆ ವಾಲಿಸ್ತೀಯ. ನಿಮ್ಮಪ್ಪ ಗಾಡಿ ಸದ್ದು ಕೇಳಿಸ್ಕೊಳ್ಳೋ ಹಾಗೇನೇ" ಅಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ರೇಡಿಯೋದಲ್ಲಿ ಇದೆಲ್ಲಿ ಗೊತ್ತಾಗುತ್ತೆ" ಅಂದಳು.