ಹೃದಯದ ವಠಾರದಲ್ಲಿ ಕಿಂಡಿಗಳು

ಇಯರ್‌ಫೋನ್ ಹಾಕ್ಕೊಂಡೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡ್ಕೊಳ್ಳಿ. ಸುಮ್ಮನೆ ಕೂತಿದ್ದರೆ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರೊಳಗೆ ಇರುತ್ತೆ. ಒಂದೊಂದು ಬಡಿತಕ್ಕೂ ನೂರಾರು ಕೋಟಿ ಸ್ನಾಯುಕೋಶಗಳು ಹೊಂದಿಕೊಂಡು ಕುಗ್ಗಬೇಕು. ಮಿದುಳು ಪ್ರತಿ ಕೋಶಕ್ಕೂ ಆರ್ಡರ್ ಕಳಿಸ್ತಾ ಕೂರೋದಿಲ್ಲ. ಹಾಗಾದ್ರೆ ಸುದ್ದಿ ಮುಟ್ಟೋದು ಹೇಗೆ?

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ಜಾಗ ಇದೆ. ವಿದ್ಯುತ್ ಸಂಕೇತ ಹುಟ್ಟೋದು ಅಲ್ಲಿ. ಆಮೇಲೆ ಅದು ಕೋಶದಿಂದ ಕೋಶಕ್ಕೆ ದಾಟಬೇಕು. ಹಳೇ ವಠಾರ ನೆನಪಿಸ್ಕೊಳ್ಳಿ: ಮನೆಗೆ ಮನೆ ಅಂಟಿಕೊಂಡಿದೆ, ನಡುಗೋಡೆಯಲ್ಲೊಂದು ಕಿಂಡಿ. ಹೃದಯದಲ್ಲಿ ಆ ಕಿಂಡಿಯ ಹೆಸರು ಗ್ಯಾಪ್ ಜಂಕ್ಷನ್. ಅದನ್ನ ಕಟ್ಟೋ ಪ್ರೋಟೀನ್ ಕನೆಕ್ಸಿನ್. ಆರು ಕನೆಕ್ಸಿನ್ ಸೇರಿದರೆ ಅರ್ಧ ಕಿಂಡಿ, ಉಳಿದರ್ಧ ಪಕ್ಕದ ಕೋಶದ್ದು. ಎರಡೂ ಬಾಯಿಗೆ ಬಾಯಿ ಕೂಡಿದರೆ ಅಯಾನುಗಳು ಈ ಕಡೆಯಿಂದ ಆ ಕಡೆಗೆ ಹರಿಯುತ್ತವೆ.

ಕೆಳಗಿನ ಕೋಣೆಗಳಲ್ಲಿ ಮುಖ್ಯವಾಗಿ ಇರೋದು ಕನೆಕ್ಸಿನ್ 43. (43 ಅನ್ನೋದು ಅದರ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ವಿಜ್ಞಾನಿಗಳು ಹೆಸರಿಡೋದರಲ್ಲಿ ಸ್ವಲ್ಪ ಸೋಮಾರಿಗಳೇ.) ಇದರ ಆಯಸ್ಸು ಕೆಲವೇ ಗಂಟೆ. ದೇಹ ಹಳೇದನ್ನ ಕಿತ್ತು, ಹೊಸದನ್ನ ಕೂರಿಸ್ತಾನೇ ಇರುತ್ತೆ.

ಇಷ್ಟು ಸಣ್ಣದು ಕೈಕೊಟ್ಟರೆ ಏನಾಗುತ್ತೆ? 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಹೃದಯದಿಂದ ಮಾತ್ರ ಕನೆಕ್ಸಿನ್ 43 ತೆಗೆದಿದ್ದರು. ಹೃದಯದ ಆಕಾರ ಸರಿಯಾಗಿತ್ತು, ಪಂಪ್ ಮಾಡೋ ಶಕ್ತಿಯೂ ಇತ್ತು. ಆದರೆ ಸಂಕೇತದ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ತಿಂಗಳು ತುಂಬೋದರೊಳಗೆ ಆ ಇಲಿಗಳೆಲ್ಲ ಇದ್ದಕ್ಕಿದ್ದಂತೆ ಸತ್ತವು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ: ನೋಡೋಕೆ ಚೆನ್ನಾಗಿದ್ದ ಹೃದಯ.

ಮನುಷ್ಯರಲ್ಲಿ ಹಾರ್ಟ್ ಅಟ್ಯಾಕ್ ಅಂದ್ರೆ ರಕ್ತನಾಳ ಕಟ್ಟಿಕೊಳ್ಳೋದು. ಬದುಕಿ ಉಳಿದವರ ಹೃದಯದಲ್ಲಿ ಗಾಯದ ಕಲೆ ಉಳಿಯುತ್ತೆ. ಅದರ ಅಂಚಿನ ಕೋಶಗಳಲ್ಲಿ ಕಿಂಡಿಗಳು ಕಡಿಮೆಯಾಗ್ತವೆ. ಕೋಶದ ತುದಿಯಲ್ಲಿ ಇರಬೇಕಾದವು ಪಕ್ಕಕ್ಕೆ ಚದುರುತ್ತವೆ. ಸಂಕೇತ ನಿಧಾನವಾಗಿ, ಸುತ್ತಿ ಬಳಸಿ ಹೋಗಿ, ಹೊರಟ ಜಾಗಕ್ಕೇ ವಾಪಸ್ ಬಂದು ಗಿರಕಿ ಹೊಡೆಯೋಕೆ ಶುರು ಮಾಡಬಹುದು. ಅದು ಅತಿಯಾದರೆ ಹೃದಯ ಬಡಿಯಲ್ಲ, ಬರೀ ಅದುರುತ್ತೆ. ಕಾರ್ಡಿಯಾಕ್ ಅರೆಸ್ಟ್ ಆಗೋ ಒಂದು ದಾರಿ ಇದು. ಎರಡನ್ನೂ ಒಂದೇ ಅಂದ್ಕೋಬೇಡಿ.

ಸಿನಿಮಾದಲ್ಲಿ ಮಾನಿಟರ್ ಗೆರೆ ಚಪ್ಪಟೆಯಾದ ಕೂಡಲೇ ಶಾಕ್ ಕೊಡ್ತಾರಲ್ಲ, ನಿಜವಾದ ಡಾಕ್ಟರ್ ಹಾಗೆ ಮಾಡಲ್ಲ. ಶಾಕ್ ಇರೋದು ಅದುರ್ತಿರೋ ಹೃದಯಕ್ಕೆ. ಅದು ಎಲ್ಲ ಗಲಾಟೆಯನ್ನೂ ಒಂದೇ ಸಲ ನಿಲ್ಲಿಸುತ್ತೆ. ಆ ಮೌನದಲ್ಲಿ ಸೈನಸ್ ನೋಡ್ ಮತ್ತೆ ಮೊದಲ ಸುದ್ದಿ ಕಳಿಸಬೇಕು. ಯಾರಾದ್ರೂ ಕುಸಿದು ಬಿದ್ದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡ್ತಿಲ್ಲ ಅಂದ್ರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಿ. ಆಂಬುಲೆನ್ಸ್ ಬರೋವರೆಗೂ ಮಿದುಳಿಗೆ ರಕ್ತ ಕಳಿಸ್ತಿರೋದು ನಿಮ್ಮ ಕೈಗಳೇ.