ಘಟ್ಟದ ಮೇಲೂ ಕೆಳಗೂ ಒಂದೇ ಬಣ್ಣ
(ಕೊಪ್ಪದಲ್ಲಿ ಮಾಡಿದ ಭಾಷಣ)

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಂದ ದಯಮಾಡಿಸಿರುವ ಸೋದರ ಸೋದರಿಯರೇ,

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವವರಿಗೆ ದಾರಿಯಲ್ಲಿ ‘ಎಸ್. ಕೆ. ಬಾರ್ಡರ್’ ಎಂಬ ಸ್ಥಳವು ಸಿಕ್ಕುವುದಷ್ಟೆ. ಸೌತ್ ಕೆನರಾದ ಗಡಿ ಎಂಬುದೇ ಆ ಹೆಸರಿನ ಅರ್ಥ. 1956ನೆಯ ಇಸವಿ ನವೆಂಬರ್ 1ರ ವರೆಗೆ ಅಲ್ಲಿಂದ ಮೇಲಕ್ಕೆ ಮೈಸೂರು, ಕೆಳಕ್ಕೆ ಮದರಾಸು. ಆಳುವವರು ಎಳೆದ ಗೆರೆಯು ಅಳಿಯಿತು, ಹೆಸರು ಉಳಿದಿದೆ. ಆದರೆ ನಮ್ಮ ಕಲೆಯು ಆ ಗೆರೆಯನ್ನು ಎಂದಿಗೂ ಮನ್ನಿಸಿದುದಿಲ್ಲವೆಂದು ತಮ್ಮಲ್ಲಿ ಅರಿಕೆಮಾಡಲು ಬಂದಿದ್ದೇನೆ.

ಹಳೆಯ ಮಾತನ್ನು ಬೇಗನೆ ಮುಗಿಸುವೆನು. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನ ಮನೆತನವು ಕೆಳಗೆ ಕಾರ್ಕಳವನ್ನೂ ಮೇಲೆ ಕಳಸವನ್ನೂ ಆಳುತ್ತಿದ್ದಿತು. ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯನ್ನು ವಂದಿಸುವ ಶ್ರಾವಕರಿಗೆ ಆ ಗೊಮ್ಮಟನು ಪರಕೀಯನೇ? ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಹೊಗಳುವವರು ಬಹು ಮಂದಿ ಇದ್ದಾರೆ. ನಾನು ಹೇಳಬಂದುದು ಯಾರೂ ಹೊಗಳದ ಚಿತ್ರಗಳ ವಿಷಯ.

ದೀಪಾವಳಿಗೆ ಮುಂಚೆ ನಮ್ಮ ಮನೆಗಳ ಹೊಸ್ತಿಲು, ತುಳಸಿಕಟ್ಟೆಗಳಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಶೇಡಿಯ ನೀರಿನಲ್ಲಿ ಬೆರಳದ್ದಿ ಗೆರೆಯೆಳೆಯುವ ತಾಯಂದಿರನ್ನು ಚಿತ್ರಗಾರರೆಂದು ಯಾರಾದರೂ ಕರೆದುದುಂಟೇ? ಕೆಂಪಿನ ಮೇಲೆ ಬಿಳುಪು, ಇಷ್ಟೇ ಸಾಮಗ್ರಿ. ಸಾಗರ, ಸೊರಬದ ದೀವರ ಹೆಂಗಸರು ಇದೇ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪುಗಳಿಂದ ಮದುವೆಯ ಹಸೆಚಿತ್ತಾರವನ್ನು ಬರೆಯುವರು. ಕುಂಚವು ಪುಂಡಿಯ ನಾರು. ಘಟ್ಟವಿಳಿದು ಕುಮಟೆ, ಅಂಕೋಲೆಗಳ ಕಡೆ ಹೋದರೆ ಹಳೆಯ ದೇಗುಲಗಳಲ್ಲಿ ಕಾವಿಕಲೆ ಕಾಣುವುದು. ಅಲ್ಲಿ ಕ್ರಮವು ತಿರುಗುಮುರುಗು: ಸುಣ್ಣದ ಗಾರೆಯ ಮೇಲೆ ಕಾವಿಯನ್ನು ಹಚ್ಚಿ, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವರು. ಕೈ ಬೇರೆ, ಕಣ್ಣು ಒಂದೇ.

ಇನ್ನು ಯಕ್ಷಗಾನ. ಮಳೆಗಾಲ ಕಳೆದೊಡನೆ ಕರಾವಳಿಯ ಮೇಳಗಳು ಘಟ್ಟವೇರಿ ನಮ್ಮ ಗದ್ದೆಬಯಲಿಗೆ ಬರುವುದು ವಾಡಿಕೆ. ಹಾಡನ್ನೂ ಅರ್ಥವನ್ನೂ ನಾವು ಮೆಚ್ಚುತ್ತೇವೆ. ಚೌಕಿಯಲ್ಲಿ ನಡೆಯುವ ಚಿತ್ರಕರ್ಮವನ್ನು ನೋಡುವುದಿಲ್ಲ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು; ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹೊದಿಸಿದ ಭುಜಕೀರ್ತಿ, ಎದೆಕಟ್ಟು; ಚೌಕಳಿಯ ಕಸೆಸೀರೆ. ದೊಂದಿಯ ಕೆಂಬೆಳಕಿಗೆಂದೇ ಹೊಂದಿಸಿದ ಬಣ್ಣಗಳಿವು. ಇಂದಿನ ಬೆಳ್ಳನೆಯ ವಿದ್ಯುದ್ದೀಪದ ಕೆಳಗೆ ಅವು ಪೆಚ್ಚಾಗಿ ಕಾಣುವುದು ಬಣ್ಣದ ದೋಷವಲ್ಲ, ದೀಪದ್ದು.

ಮಹನೀಯರೇ, ಮೇಳವನ್ನು ಕಾಯಲು ಅಭಿಮಾನಿಗಳುಂಟು, ಗುಡಿಯನ್ನು ಕಾಯಲು ಸರಕಾರವುಂಟು. ಶೇಡಿಯ ಗೆರೆಗೆ ಯಾರು? ಮಣ್ಣಿನ ಗೋಡೆಯು ಸಿಮೆಂಟಾಯಿತು, ಜಗುಲಿಗೆ ಹೊಳಪಿನ ಹಾಸು ಬಂದಿತು. ಅದನ್ನು ನಾನು ಹಳಿಯುವುದಿಲ್ಲ. ಸೋರುವ ಮನೆಯಲ್ಲಿರೆಂದು ಹೇಳಲು ನಾನಾರು? ಆದರೆ ಅಜ್ಜಿಯ ಬೆರಳಿನಲ್ಲಿರುವ ಮಾದರಿಗಳು ಅಜ್ಜಿಯೊಡನೆಯೇ ಹೋಗುತ್ತಿವೆ. ಆದುದರಿಂದ ಈ ಮೂರು ತಾಲೂಕುಗಳ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಬರುವ ದೀಪಾವಳಿಗೆ ಮಕ್ಕಳ ಕೈಗೆ ಒಂದೊಂದು ಬಿಳಿಯ ಪುಸ್ತಕವನ್ನು ಕೊಟ್ಟು, ಮನೆಯ ಹಿರಿಯರು ಬರೆಯುವ ಗೆರೆಗಳನ್ನು ಹಾಗೆಯೇ ನಕಲಿಳಿಸಿ, ಬರೆದವರ ಹೆಸರನ್ನೂ ಊರನ್ನೂ ಕೆಳಗೆ ಕಾಣಿಸಿ ತರಹೇಳಿರಿ. ಅದೇ ಪುಸ್ತಕವು ಕಾರ್ಕಳದ ಶಾಲೆಗೂ ಹೋಗಲಿ. ಅಲ್ಲಿನ ಮಕ್ಕಳು ತಮ್ಮ ಮನೆಯ ಗೆರೆಗಳನ್ನು ಎದುರು ಪುಟದಲ್ಲಿ ಬರೆಯಲಿ.