ಪಾದದ ಉರಿಯೂ ಮಾತ್ರೆಯ ಭರವಸೆಯೂ

‘ನರ’ ಎಂಬ ನಮ್ಮ ಮಾತು ಬಹಳ ಉದಾರವಾದುದು. ಮುಂಗೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರವೇ. ಉಳುಕಿದ ಕತ್ತಿನಲ್ಲಿ ಹಿಡಿದುಕೊಂಡದ್ದೂ ನರವೇ. ಕಾಲಿನ ಹೆಬ್ಬೆರಳಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವ ತಂತುವೂ ನರವೇ. ಈ ಔದಾರ್ಯದಿಂದ ಭಾಷೆಗೆ ಲಾಭವಾಯಿತೋ ಇಲ್ಲವೋ, ‘ನರದೌರ್ಬಲ್ಯ’ಕ್ಕೆ ಮಾತ್ರೆ ಮಾರುವವರಿಗಂತೂ ಆಗಿದೆ. ಕೇಳುಗ ಮಿತ್ರರೆ, ನಾನು ಇಂದು ಹೇಳಹೊರಟಿರುವುದು ಆ ಮೂರನೆಯ ನರದ ಬೇನೆಯನ್ನು ಕುರಿತು. ವೈದ್ಯರು ಪೆರಿಫೆರಲ್ ನ್ಯೂರೋಪತಿ ಎನ್ನುವುದನ್ನು ಕುರಿತು.

ಅರವತ್ತು ದಾಟಿದವರ ಸಂಜೆಯ ಕಟ್ಟೆಯಲ್ಲಿ ಈ ಬೇನೆಗೆ ಬೇಕಾದಷ್ಟು ಮಾತುಗಳು ಸಿಗುತ್ತವೆ: ಜೋಮು, ಉರಿ, ಚುಚ್ಚು, ಇರುವೆ ಹರಿದಂತೆ, ಬರಿಗಾಲಿದ್ದರೂ ಕಾಲುಚೀಲ ತೊಟ್ಟಂತೆ. ಸೊಂಟದ ಬಳಿಯಿಂದ ಪಾದದ ತುದಿಗೆ ಹೋಗುವ ತಂತು ಹೆಚ್ಚುಕಡಿಮೆ ಒಂದು ಮೀಟರು ಉದ್ದದ್ದು. ಪೋಷಣೆ ಕುಂದಿದಾಗ ಮೊದಲು ಬಳಲುವುದು ಅದರ ದೂರದ ತುದಿ. ಆದ್ದರಿಂದಲೇ ಬೇನೆ ಪಾದದಿಂದ ಆರಂಭವಾಗಿ ಮೇಲೇರುತ್ತದೆ. ಕಾರಣಗಳು ಹಲವು: ಸಕ್ಕರೆ ಕಾಯಿಲೆ, ಮದ್ಯ, ಕುಷ್ಠ, ಕೆಲವು ಔಷಧಿಗಳು, ಜೀವಸತ್ವಗಳ ಕೊರತೆ.

ಮಾತ್ರೆಯ ಮೇಲಿನ ನಮ್ಮ ಭರವಸೆ ಆಧಾರವಿಲ್ಲದ್ದೇನೂ ಅಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು, ಪಾಲಿಷ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ ತೌಡಿರುವ ಅಕ್ಕಿ ಹಾಕಿದರೆ ಅವು ಎದ್ದು ನಡೆಯುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ತೌಡಿನಲ್ಲಿದ್ದದ್ದು ಬಿ1 ಜೀವಸತ್ವ. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ಈ ಸತ್ವ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಶಾಸ್ತ್ರ ಹುಟ್ಟುವ ಮುನ್ನವೇ ಅಡುಗೆಮನೆ ಕಂಡುಕೊಂಡ ಜಾಣತನ.

ನಮಗೆ ಹೆಚ್ಚು ಸಂಬಂಧಿಸಿದ್ದು ಬಿ12. ದಿನಕ್ಕೆ ಬೇಕಾದುದು ಎರಡು-ಎರಡೂವರೆ ಮೈಕ್ರೋಗ್ರಾಂ ಮಾತ್ರ. ಆದರೆ ಸೊಪ್ಪು ತರಕಾರಿಗಳಲ್ಲಿ ಅದಿಲ್ಲ. ಸಸ್ಯಾಹಾರಿಗೆ ಹಾಲು ಮೊಸರುಗಳೇ ಗತಿ. ಮುಪ್ಪಿನ ಜಠರ ಅದನ್ನು ಸರಿಯಾಗಿ ಹೀರಲಾರದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಅದು ಇನ್ನಷ್ಟು ಕುಗ್ಗಬಹುದು. ಈ ಕೊರತೆಯಿಂದ ಬಂದ ಜೋಮಿಗೆ ಬಿ12 ನಿಜವಾದ ಮದ್ದು, ಆದರೆ ಸಕಾಲದಲ್ಲಿ ಕೊಟ್ಟರೆ. ತಡವಾದರೆ ಹೋದ ಸ್ಪರ್ಶವೆಲ್ಲ ಮರಳುವುದಿಲ್ಲ. ಇಲ್ಲಿ ಒಂದು ಮೋಸವೂ ಇದೆ: ಬರಿಯ ಫೋಲಿಕ್ ಆಮ್ಲದ ಮಾತ್ರೆ ನುಂಗಿದರೆ ಮುಖಕ್ಕೆ ರಕ್ತದ ಕಳೆ ಬರುತ್ತದೆ, ಒಳಗೆ ನರ ಸವೆಯುತ್ತಲೇ ಇರುತ್ತದೆ.

ಸಕ್ಕರೆ ಕಾಯಿಲೆಯೇ ಮೂಲವಾದಾಗ ಕಥೆ ಬೇರೆ. ಆಲ್ಫಾ ಲಿಪೋಯಿಕ್ ಆಮ್ಲವೆಂಬ ದುಬಾರಿ ಮಾತ್ರೆಯ ಹೆಸರು ಈಗ ಎಲ್ಲರ ಬಾಯಲ್ಲಿದೆ. 2024ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಆರು ತಿಂಗಳ ಸೇವನೆಯಿಂದ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣದೆಂಬ ಅಭಿಪ್ರಾಯಕ್ಕೆ ಬಂದಿದೆ. ಹಣ ಹೋದರೆ ಹೋಗಲಿ ಎನ್ನೋಣ. ಮಾತ್ರೆ ನುಂಗಿದೆನೆಂಬ ನೆಮ್ಮದಿಯಲ್ಲಿ ರಕ್ತದ ಸಕ್ಕರೆಯನ್ನು ಮರೆತವನ ಗತಿ ಏನು? ಉರಿ ತಗ್ಗಿತೆಂದು ಹಿಗ್ಗುವವರನ್ನು ಕಂಡರೆ ನನಗೆ ಭಯ. ಕೆಲವೊಮ್ಮೆ ಅದು ಗುಣವಲ್ಲ. ಉರಿಯನ್ನು ತಿಳಿಸುತ್ತಿದ್ದ ತಂತುವೇ ಮೂಕವಾಗಿರುತ್ತದೆ. ಅಂಥ ಪಾದಕ್ಕೆ ಮುಳ್ಳು ಹೊಕ್ಕರೂ ತಿಳಿಯದು, ಹುಣ್ಣಾದರೂ ತಿಳಿಯದು.

ಇನ್ನು ಬಿ6, ಅಂದರೆ ಪಿರಿಡಾಕ್ಸಿನ್. ಇದರ ನಡತೆ ವಿಚಿತ್ರವಾದುದು. ಕ್ಷಯರೋಗಕ್ಕೆ ಕೊಡುವ ಐಸೋನಯಾಜಿಡ್ ಈ ಸತ್ವವನ್ನು ಬರಿದು ಮಾಡಿ ಕೈಕಾಲುಗಳಲ್ಲಿ ಜೋಮು ತರಬಲ್ಲದು. ಅದನ್ನು ತಡೆಯಲು ವೈದ್ಯರು ಜೊತೆಗೇ ಪಿರಿಡಾಕ್ಸಿನ್ ಬರೆದುಕೊಡುತ್ತಾರೆ. ಆ ರೋಗಿಗಳು ಅದನ್ನು ಬಿಡಕೂಡದು. ಆದರೆ 1983ರಲ್ಲಿ ಅಮೆರಿಕೆಯ ನರವೈದ್ಯರು ಏಳು ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2 ಮಿಲಿಗ್ರಾಂ ಸಾಕಾಗುವ ಈ ಸತ್ವವನ್ನು ಅವರು 2ರಿಂದ 6 ಗ್ರಾಂವರೆಗೆ ನುಂಗುತ್ತಿದ್ದರು. ಕೈಕಾಲು ಮರಗಟ್ಟಿದವು, ನಡಿಗೆ ತಡವರಿಸಿತು. ಮಾತ್ರೆ ನಿಲ್ಲಿಸಿದ ಮೇಲೆ ಚೇತರಿಕೆ ಕಂಡಿತು, ತಿಂಗಳುಗಳ ಅನಂತರ. ಮದ್ದೇ ಬೇನೆಯಾದುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು. ಕಡಮೆ ಪ್ರಮಾಣವೂ ಬಹುಕಾಲ ನಡೆದರೆ ಕೆಲವರಿಗೆ ಕೇಡೆಂದು ಆಮೇಲೆ ತಿಳಿಯಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಇಟ್ಟಿತು.

ಪರಿಚಿತರೊಬ್ಬರು, ನಿವೃತ್ತ ಶಿಕ್ಷಕರು, ಈಚೆಗೆ ತಮ್ಮ ಮಾತ್ರೆಯ ಡಬ್ಬಿ ತೋರಿಸಿದರು. ಕೆಂಪು, ಹಳದಿ, ಕಂದು. ಮೂರು ಹೆಸರು, ಮೂರು ಬೆಲೆ. ಕನ್ನಡಕ ಏರಿಸಿ ಸಣ್ಣಕ್ಷರ ಓದಿದೆವು. ಮೂರರಲ್ಲೂ ಪಿರಿಡಾಕ್ಸಿನ್ ಇತ್ತು. ಇವನ್ನು ಬರೆದುಕೊಟ್ಟವರು ಯಾರೆಂದು ಕೇಳಿದೆ. ಒಂದನ್ನು ವೈದ್ಯರು, ಒಂದನ್ನು ಔಷಧಿ ಅಂಗಡಿಯವನು, ಒಂದನ್ನು ಅಳಿಯ. ಮರುದಿನ ಡಬ್ಬಿಯನ್ನೇ ವೈದ್ಯರ ಬಳಿಗೆ ಒಯ್ದರು. ಅವರು ಎರಡನ್ನು ಎತ್ತಿಟ್ಟು, ಬಿ12 ಎಷ್ಟಿದೆಯೆಂದು ನೋಡಲು ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟರಂತೆ.